ಹತ್ತರೊಡನೆ ಹನ್ನೊಂದು

ಮಂಡ್ಯದಿಂದ ಮದ್ದೂರಿಗಾಗಲಿ ಮಳವಳ್ಳಿಗಾಗಲಿ ಪಯಣಿಸಿದವರಲ್ಲಿ, ಕಬ್ಬಿನ ಗದ್ದೆಗಳ ನಡುವೆ ಹೊಗೆಯೇಳುವ ಆಲೆಮನೆಯನ್ನು ಕಾಣದವರು ವಿರಳ. ಹಾದಿಹೋಕರ ಮನಸ್ಸೆಲ್ಲ ಬಿಸಿಬೆಲ್ಲದ ಕಂಪಿಗೆ ಸೋಲುತ್ತದೆ. ಮನುಷ್ಯಸ್ವಭಾವವನ್ನು ಅರಿಯಬಯಸುವವರಾದರೋ ಅಲ್ಲಿ ಒಂದು ಗಳಿಗೆ ನಿಂತು, ಬೆಲ್ಲ ಬೇಯಿಸುವ ಜನರನ್ನು ನೋಡತಕ್ಕದ್ದು.

ಒಬ್ಬನು ಗಾಣಕ್ಕೆ ಕಬ್ಬು ಕೊಡುತ್ತಾನೆ. ಇನ್ನೊಬ್ಬನು ಸಿಪ್ಪೆಯನ್ನು ಬಿಸಿಲಿಗೆ ಹರಡುತ್ತಾನೆ. ಒಣಗಿದ ಆ ಸಿಪ್ಪೆಯನ್ನೇ ಮತ್ತೊಬ್ಬನು ಒಲೆಗೆ ಉರಿಯಿಡುತ್ತಾನೆ. ಕೊಪ್ಪರಿಗೆಯ ಬಳಿ ನಿಂತವನು ಸುಣ್ಣದ ನೀರು ಬಿಟ್ಟು, ಕೊಳೆನೊರೆಯನ್ನು ತೆಗೆದು, ಪಾಕದ ಹದವನ್ನು ಕಾಯುತ್ತಾನೆ. ಗಾಣದವನು ಅವಸರಪಟ್ಟರೆ ಕೊಪ್ಪರಿಗೆಯವನಿಗೆ ಕಷ್ಟ. ಉರಿಯಿಡುವವನು ತೂಕಡಿಸಿದರೆ ಎಲ್ಲರಿಗೂ ನಷ್ಟ. ಆದುದರಿಂದ ಯಾರೂ ಬರೆದಿಡದ ಒಂದು ಲಯ ಅಲ್ಲಿ ತಾನಾಗಿಯೇ ಹುಟ್ಟುತ್ತದೆ. ಹೊಸದಾಗಿ ಸೇರಿದ ಹುಡುಗನಿಗೆ ಅದನ್ನು ಯಾರೂ ಬೋಧಿಸುವುದಿಲ್ಲ. ಮುಂದೋಡಿದರೆ ಒಂದು ನಗೆ, ಹಿಂದುಳಿದರೆ ಒಂದು ಕೊಂಕುನುಡಿ. ಇಷ್ಟರಿಂದಲೇ ಅವನು ಹತ್ತರೊಡನೆ ಹನ್ನೊಂದಾಗುತ್ತಾನೆ.

ನಾಟಿಯ ಕಾಲದಲ್ಲಿ ಕೂಲಿಯಿಲ್ಲದೆ ಒಬ್ಬರ ಗದ್ದೆಗೆ ಇನ್ನೊಬ್ಬರು ದುಡಿಯಹೋಗುವ ಮುಯ್ಯಾಳಿನ ಪದ್ಧತಿಯಲ್ಲಿಯೂ ಈ ಗುಣವೇ ಉಂಟು. ಅಲ್ಲಿ ಲೆಕ್ಕದ ಪುಸ್ತಕವಿಲ್ಲ, ಮೇಸ್ತ್ರಿಯಿಲ್ಲ. ಇಂದು ಮೈಗಳ್ಳತನ ತೋರಿದರೆ ನಾಳೆ ತನ್ನ ಗದ್ದೆಗೆ ಬರುವವರೂ ಹಾಗೆಯೇ ದುಡಿದಾರೆಂಬ ಅಂಜಿಕೆಯೇ ಮೇಸ್ತ್ರಿ.

ಕೃಷ್ಣರಾಜಸಾಗರದ ನೀರು ಈ ಸೀಮೆಗೆ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾದಾಗ, ಮುಯ್ಯಿಯನ್ನು ಅರಿತ ಸೀಮೆಗೆ ಪಾಳಿಯ ಮತ್ತು ಹಾಜರಿಪಟ್ಟಿಯ ಶಿಸ್ತು ಬಂದಿತು. ಆದರೆ ಯಾವ ಕಾರ್ಖಾನೆಯಲ್ಲಾಗಲಿ ಹಾಜರಿಪಟ್ಟಿ ಹೇಳುವುದು ಆಳು ಬಂದನೇ ಎಂಬುದನ್ನು ಮಾತ್ರ. ಬಂದವನು ಎಷ್ಟು ದುಡಿಯಬೇಕೆಂಬುದನ್ನು ಬಹುಮಟ್ಟಿಗೆ ಪಕ್ಕದವನ ಕಣ್ಣು ನಿರ್ಧರಿಸುತ್ತದೆ.

ಅಮೆರಿಕದ ಷಿಕಾಗೊ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1931–32ರಲ್ಲಿ ಇದನ್ನು ಕಣ್ಣಾರೆ ಕಂಡರು. ಟೆಲಿಫೋನಿನ ಉಪಕರಣಗಳಿಗೆ ತಂತಿ ಜೋಡಿಸುವ 14 ಮಂದಿಯನ್ನು ಒಂದು ಕೋಣೆಯಲ್ಲಿರಿಸಿ ಗಮನಿಸಿದರು. ಹೆಚ್ಚು ತಯಾರಾದರೆ ಹೆಚ್ಚು ಸಂಬಳ ಬರುವಂತಿತ್ತು. ಆದರೂ ದಿನಕ್ಕೆ ಇಷ್ಟೇ ಎಂಬ ಕಟ್ಟನ್ನು ಅವರು ತಮ್ಮೊಳಗೇ ಮಾಡಿಕೊಂಡಿದ್ದರು. ಅದನ್ನು ಮೀರಿದವನ ತೋಳಿಗೊಂದು ಗುದ್ದು! ತೀರ ಕಡಿಮೆ ದುಡಿದವನಿಗೂ, ಮೇಲಿನವರಲ್ಲಿ ಚಾಡಿ ಹೇಳಿದವನಿಗೂ ತಿರಸ್ಕಾರ ತಪ್ಪುತ್ತಿರಲಿಲ್ಲ. ಇದನ್ನು ಸೋಮಾರಿತನವೆಂದು ಹಳಿಯುವುದು ಸುಲಭ. ಆದರೆ ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಹೆಚ್ಚು ಮಾಡಿ ತೋರಿಸಿದರೆ ದರವನ್ನು ಇಳಿಸಿಯಾರು, ನಿಧಾನದವರನ್ನು ಮನೆಗೆ ಕಳುಹಿಸಿಯಾರು ಎಂಬ ಭಯ ಅವರನ್ನು ಕಾಡುತ್ತಿತ್ತು. ಗುಂಪು ತನ್ನ ದುರ್ಬಲರಿಗೆ ನೆರಳಾಗಿತ್ತು.

ಆ ನೆರಳಿನಲ್ಲಿಯೇ ಸತ್ಯವೂ ಅಡಗಬಹುದೆಂಬುದು ಇನ್ನೊಂದು ಮಾತು. ಸಾಲಮನ್ ಆಷ್ ಎಂಬ ಮನಶ್ಶಾಸ್ತ್ರಜ್ಞರು 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗೆರೆಗಳ ಉದ್ದವನ್ನು ಹೋಲಿಸಿ ಹೇಳುವುದಷ್ಟೇ ಕೆಲಸ. ಜೊತೆಗಿದ್ದವರೆಲ್ಲ ಮೊದಲೇ ಮಾಡಿಕೊಂಡ ಏರ್ಪಾಟಿನಂತೆ ಒಕ್ಕೊರಲಿನಿಂದ ತಪ್ಪು ಹೇಳಿದಾಗ, ಏನೂ ಅರಿಯದೆ ಬಂದವರ ಉತ್ತರಗಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಆ ತಪ್ಪನ್ನೇ ಅನುಸರಿಸಿತು. ಸರಿಯಾದುದನ್ನು ನುಡಿಯುವ ಒಬ್ಬನೇ ಒಬ್ಬನು ಜೊತೆಗೂಡಿದಾಗ ಆ ಅಂಜಿಕೆ ಬಹಳ ಮಟ್ಟಿಗೆ ಕರಗಿತು.

ಆಲೆಮನೆಯ ಹುಡುಗನಿಗೂ ಇದು ಸಲ್ಲುತ್ತದೆ. ಪಾಕ ಮೀರುತ್ತಿದೆಯೆಂದು ಅವನ ಮೂಗಿಗೆ ಮೊದಲು ತಿಳಿದರೂ, ಹಿರಿಯರು ಸುಮ್ಮನಿರುವಾಗ ತಾನೇಕೆ ನುಡಿಯಲಿ ಎಂದು ಬಾಯಿ ಮುಚ್ಚಿದರೆ ಒಂದು ಕೊಪ್ಪರಿಗೆ ಬೆಲ್ಲ ಕಪ್ಪಾದೀತು. ಆ ನಷ್ಟವನ್ನು ರೈತನು ಹೇಗೋ ತಾಳಿಯಾನು. ಗಾಣಕ್ಕೆ ಕಬ್ಬು ಕೊಡುವವನ ಕಣ್ಣು ನಿದ್ದೆಗೆ ಜಾರುತ್ತಿರುವುದನ್ನು ಕಂಡೂ ಎಲ್ಲರಂತೆ ಸುಮ್ಮನಿದ್ದರೆ, ಉರುಳೆಯ ನಡುವೆ ಸಿಕ್ಕುವುದು ಒಂದು ಸಂಸಾರಕ್ಕೆ ಅನ್ನವಿಕ್ಕುವ ಕೈ.

ಆದುದರಿಂದ ಆಲೆಮನೆಯಾಗಲಿ ಕಚೇರಿಯಾಗಲಿ, ಹತ್ತು ಜನರನ್ನು ದುಡಿಸುವ ಯಜಮಾನನು ಎರಡು ಮಾತುಗಳನ್ನು ಮರೆಯಬಾರದು. ಹೆಚ್ಚು ದುಡಿದುದಕ್ಕೆ ದರ ಇಳಿಯದೆಂಬ ನಂಬಿಕೆಯನ್ನು ಮೊದಲು ಕೊಡಬೇಕು. ಏನನ್ನಾದರೂ ಕೇಳುವಾಗ ಎಲ್ಲರಿಗಿಂತ ಕಿರಿಯನನ್ನು ಮೊದಲು ಕೇಳಬೇಕು. ಹಿರಿಯನು ನುಡಿದ ಮೇಲೆ ಕಿರಿಯನಿಗೆ ಹೌದೆನ್ನುವುದೊಂದೇ ಉಳಿಯುತ್ತದೆ. ಜೊತೆಯವರ ಪಾಲಿಗಿರುವ ಕರ್ತವ್ಯ ಇನ್ನೂ ಚಿಕ್ಕದು: ಒಬ್ಬನು ಧೈರ್ಯಮಾಡಿ ಬಾಯಿ ತೆರೆದಾಗ ನಗದೆ, ಅವನು ಹೇಳಿದುದನ್ನು ಒಮ್ಮೆ ತಿರುಗಿ ನೋಡುವುದು.