ಸ್ಟೇಟಸ್‌ನಲ್ಲಿ ಗುಬ್ಬಿಗೆ ನೀರು, ಹಿತ್ತಲಲ್ಲಿ ಕೋಳಿಗೆ ತಗಡು

1/6

ಮಾರ್ಚ್ 20 ಬಂತು ಅಂದ್ರೆ ನಮ್ಮ ಕ್ಲಾಸಿನ ಅರ್ಧ ಜನರ ಸ್ಟೇಟಸ್ ಒಂದೇ. ಗುಬ್ಬಚ್ಚಿ ದಿನ. ಮಾಳಿಗೆ ಮೇಲೆ ಒಂದು ಬಟ್ಟಲು ನೀರು, ಪಕ್ಕದಲ್ಲಿ ನಾಲ್ಕು ಕಾಳು, ಹಿಂದೆ ಸಣ್ಣಗೆ ಒಂದು ಹಾಡು. ಒಳ್ಳೇದು, ಇಡಿ. ನಾನೂ ಇಟ್ಟಿದ್ದೆ, ಲೈಕೂ ಬಂದಿದ್ದವು.

ಈಗ ಅದೇ ಮನೆಯ ಹಿತ್ತಲಿಗೆ ಬನ್ನಿ. ಮೂರು ಕಡೆ ತಗಡು, ಮೇಲೂ ತಗಡು, ಮುಂದೆ ಚೂರು ಜಾಳಿಗೆ. ಒಳಗೆ ಎಂಟು ಹತ್ತು ಕೋಳಿ ಬಾಯಿ ತೆರೆದು ತೇಕುತ್ತಾ ನಿಂತಿರ್ತವೆ. ಅವೂ ಹಕ್ಕಿಗಳೇ ರೀ. ಹಾರಿ ಹೋಗಿ ಇನ್ನೊಬ್ಬರ ಮಾಳಿಗೆ ಮೇಲೆ ನೀರು ಕುಡಿಯೋಕೆ ಆಗದ ಹಕ್ಕಿಗಳು. ಬಾಗಿಲಿಗೆ ಚಿಲಕ ಹಾಕಿದವರು ನಾವು.

ಮೊದಲೇ ಹೇಳಿಬಿಡ್ತೀನಿ, ಇಲ್ಲಿ ಮಾಂಸ ಬಿಡಿ ಅನ್ನೋ ಉಪದೇಶ ಇಲ್ಲ. ನಮ್ಮನೇಲಿ ಕೋಳಿ ಸಾರು ಮಾಡ್ತಾರೆ, ನಾನು ತಿಂತೀನಿ, ಭಾನುವಾರ ಮಾಡದಿದ್ರೆ ಜಗಳಾನೂ ಆಡ್ತೀನಿ. ನನ್ನ ಜಗಳ ಇರೋದು ಬಿಸಿಲಿನ ಹೊತ್ತಲ್ಲಿ ನಾವು ತೋರಿಸೋ ಸೋಮಾರಿತನದ ಜೊತೆ. ಉದ್ದ ಇದೆ. ಓದಿ.

2/6

ಈ ಫೋಟೋದಲ್ಲಿರೋ ಶೆಡ್ ನಾನೇ ಹಟ ಮಾಡಿ ಮಾಡಿಸಿದ್ದು. ಮೊದಲು ನಮ್ಮ ಕೋಳಿ ಗೂಡು ಬೇವಿನ ಗಿಡದ ಬುಡದಲ್ಲಿತ್ತು. ಮಣ್ಣಿನ ಗೋಡೆ, ಮೇಲೆ ಜೋಳದ ಕಣಿಕೆ. ಗೆಳೆಯರು ಮನೆಗೆ ಬಂದ್ರೆ ನನಗೆ ನಾಚಿಕೆ ಆಗ್ತಿತ್ತು. ಒಂದು ರೀಲ್‌ನಲ್ಲಿ ಥಳಥಳ ಹೊಳೆಯೋ ತಗಡಿನ ಗೂಡು ನೋಡಿದೆ. "ಅಪ್ಪಾ, ನಾವೂ ಪಕ್ಕಾ ಮಾಡಿಸೋಣ" ಅಂದೆ. ಹತ್ತಿ ಮಾರಿದ ದುಡ್ಡಲ್ಲಿ ಅಪ್ಪ ಮಾಡಿಸಿಕೊಟ್ರು. ಗೂಡು ಗಿಡದ ನೆರಳು ಬಿಟ್ಟು ಹಿತ್ತಲ ನಡುವೆ ಬಂತು, ಯಾಕಂದ್ರೆ ಅಲ್ಲಿ ಫೋಟೋಗೆ ಬೆಳಕು ಚೆನ್ನಾಗಿ ಬೀಳುತ್ತೆ. (ನಗಬೇಡಿ. ನಿಜ ಹೇಳ್ತಿದೀನಿ.)

ಹೋದ ವರ್ಷ ಏಪ್ರಿಲ್. ರಾಯಚೂರು ಕಡೆ ಏಪ್ರಿಲ್ ಮಧ್ಯಾಹ್ನ ಅಂದ್ರೆ ಏನು ಅಂತ ಬೆಂಗಳೂರಿನ ಫಾಲೋವರ್‌ಗಳಿಗೆ ಹೇಳಬೇಕು: ಇಲ್ಲಿ 40 ಡಿಗ್ರಿ ದಾಟಿದ್ರೆ ಅದು ಸುದ್ದಿಯೇ ಅಲ್ಲ. ಅವ್ವ ಕೂಲಿಗೆ ಹೋಗೋವಾಗ ನಾಯಿ ಕಾಟ ಅಂತ ಗೂಡಿನ ಬಾಗಿಲು ಹಾಕಿ, "ಹನ್ನೆರಡಕ್ಕ ನೀರ್ ಹಾಕು, ಮರೀಬ್ಯಾಡ" ಅಂದಿದ್ಲು. ನಾನು ಫ್ಯಾನ್ ಕೆಳಗೆ ಓದ್ತಾ ಇದ್ದೆ. ಓದ್ತಾ ಇದ್ದೆ ಅಂದ್ರೆ ಫೋನ್ ನೋಡ್ತಾ ಇದ್ದೆ. ನೆನಪಾದಾಗ ಮೂರು ಗಂಟೆ.

ಹನ್ನೊಂದರಲ್ಲಿ ಆರು ಬಿದ್ದಿದ್ದವು. ಚಿಲಕ ಮುಟ್ಟಿದ ಕೈ ಸುಟ್ಟಿತು. ನೀರಿನ ಡಬ್ಬಿ ಒಣಗಿತ್ತು, ತಳದಲ್ಲಿ ಒಂದಿಷ್ಟು ಕೆಸರು. ಬದುಕಿದ್ದ ಐದು ಜಾಳಿಗೆಗೆ ಮೂತಿ ಒತ್ತಿಕೊಂಡು ನಿಂತಿದ್ದವು, ಕೂಗೋ ಶಕ್ತಿನೂ ಇಲ್ಲ.

ಅವ್ವ ಬಂದು ನೋಡಿದ್ಲು. ಬೈಲಿಲ್ಲ. ಉಳಿದ ಐದನ್ನ ಒಂದೊಂದಾಗಿ ಎತ್ಕೊಂಡು ಬಚ್ಚಲಮನೆ ತಂಪಿಗೆ ಬಿಟ್ಲು. ನಮ್ಮೂರ ಸಂತೆಯಲ್ಲಿ ಅವ್ವ ಜವಾರಿ ತತ್ತಿ ಒಂದಕ್ಕೆ 12 ರೂಪಾಯಿ ಹಂಗೆ ಮಾರ್ತಾಳೆ. ನನ್ನ ಬಸ್ ಪಾಸು, ಪರೀಕ್ಷೆ ಫೀಸು, ಈ ಪೋಸ್ಟ್ ಹಾಕ್ತಿರೋ ಫೋನಿನ ರೀಚಾರ್ಜು, ಎಲ್ಲ ಆ ತತ್ತಿ ದುಡ್ಡು. ಪಕ್ಕದ ಮನೆಯವರು "ಬಿಸಿಲಿಗೆ ಸತ್ತಾವ, ರೋಗ ಏನಿಲ್ಲಲ್ಲ, ಕೊಯ್ಕೊಂಡು ಉಣ್ರಿ" ಅಂದ್ರು. ಅವ್ವ ಕೇಳಲಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದ್ವಿ. ತೋಡಿದವನು ನಾನೇ.

3/6

ಕೋಳಿ ಬೆವರಲ್ಲ. ಇದು ನನಗೆ ಆಮೇಲೆ ಗೊತ್ತಾಯ್ತು, ಅಷ್ಟು ವರ್ಷ ಕೋಳಿ ಜೊತೆ ಬೆಳೆದ ಮೇಲೆ. ಅದಕ್ಕೆ ಬೆವರಿನ ಗ್ರಂಥಿಯೇ ಇಲ್ಲ. ಅದರ ಮೈ ಬಿಸಿ ಯಾವಾಗಲೂ 41ರಿಂದ 42 ಡಿಗ್ರಿ, ನಮಗಿಂತ ನಾಲ್ಕೈದು ಡಿಗ್ರಿ ಹೆಚ್ಚು. ಮೇಲೆ ಪುಕ್ಕದ ಕಂಬಳಿ. ಬಿಸಿ ಹೊರಗೆ ಹೋಗೋಕೆ ಇರೋ ದಾರಿ ಕೆಲವೇ: ತಲೆ ಮೇಲಿನ ಜುಟ್ಟು, ಗಲ್ಲದ ಕೆಳಗೆ ಜೋತಾಡೋ ಕೆಂಪು ಚರ್ಮ, ಪುಕ್ಕ ಇಲ್ಲದ ಕಾಲು, ರೆಕ್ಕೆ ಅಗಲಿಸಿ ನಿಲ್ಲೋದು, ಮತ್ತೆ ಬಾಯಿ ತೆರೆದು ತೇಕೋದು.

ನೀವು "ನೋಡ್ರೋ, ಕೋಳಿ ನಗ್ತೈತಿ" ಅಂತ ರೀಲ್ ಮಾಡಿದ್ರಲ್ಲ, ಅದು ಈ ತೇಕೋದು. ಉಸಿರಿನ ದಾರಿಯ ತೇವ ಆವಿಯಾಗಿ ಮೈ ಬಿಸಿ ಇಳಿಯಲಿ ಅಂತ ಕೋಳಿ ಮಾಡ್ತಿರೋ ಕೊನೆಯ ಪ್ರಯತ್ನ. ಅದಕ್ಕೆ ಬೆಲೆನೂ ತೆರುತ್ತೆ. ತುಂಬಾ ಹೊತ್ತು ತೇಕಿದ್ರೆ ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗುತ್ತೆ, ರಕ್ತದ ಹದ ಕೆಡುತ್ತೆ. ಮೊಟ್ಟೆ ಚಿಪ್ಪು ಆಗೋದು ಕ್ಯಾಲ್ಸಿಯಂ ಕಾರ್ಬೊನೇಟ್‌ನಿಂದ ತಾನೇ? ಆ ಕಾರ್ಬೊನೇಟ್ ಕಟ್ಟೋಕೆ ಸಾಮಾನು ಸಾಲಲ್ಲ. ಬೇಸಿಗೆಯಲ್ಲಿ ತತ್ತಿ ಮುಟ್ಟಿದ್ರೆ ಒಡೆಯೋ ಹಂಗೆ ತೆಳ್ಳಗಿರೋದು ಇದಕ್ಕೇ. "ಕೋಳಿಗೆ ಸುಣ್ಣದಂಶ ಕಡಿಮೆ" ಅಂತ ಚಿಪ್ಪಿನ ಪುಡಿ ತಂದು ಹಾಕ್ತೀರಿ. ಹಾಕಿ, ಬೇಡ ಅನ್ನಲ್ಲ. ಆದ್ರೆ ಗೂಡು ಒಲೆ ಥರ ಕಾದಿರೋವಾಗ ಪುಡಿ ಎಷ್ಟು ಹಾಕಿದ್ರೆ ಏನು?

ಸೈನ್ಸ್ ಓದೋರು ಈ ಆಮ್ಲ, ಕ್ಷಾರದ ಪಾಠವನ್ನ ಪರೀಕ್ಷೆಗೆ ಬಾಯಿಪಾಠ ಮಾಡಿರ್ತೀರಿ. ಅದರ ಪ್ರಾಕ್ಟಿಕಲ್ ನಿಮ್ಮ ಹಿತ್ತಲಲ್ಲಿ ದಿನಾ ನಡೀತಿದೆ.

4/6

ಈಗ ನೀವು ಹೇಳೋ ಮಾತಿಗೆ ಬರ್ತೀನಿ. ಕಮೆಂಟಿನಲ್ಲಿ ಬರೋದು ಗೊತ್ತಿದೆ, ಇಲ್ಲೇ ಮುಗಿಸಿಬಿಡೋಣ.

"ಜವಾರಿ ಕೋಳಿಗೆ ಏನೂ ಆಗಂಗಿಲ್ಲ, ಫಾರಂ ಕೋಳಿಗಷ್ಟೇ ಈ ನಖರಾ." ನಿಮ್ಮ ಕಡೆ ನಾಟಿ ಕೋಳಿ ಅಂತೀರಲ್ಲ, ಅದೇ. ಜವಾರಿ ಕೋಳಿ ಗಟ್ಟಿ, ಒಪ್ತೀನಿ. ಆದ್ರೆ ಆ ಗಟ್ಟಿತನ ಎಲ್ಲಿಂದ ಬಂತು? ಕೋಳಿಯ ಮೂಲ ಕಾಡು, ಮರದ ಬುಡ, ಎಲೆ ಹಾಸಿದ ನೆರಳು. ನಮ್ಮ ಅಜ್ಜಿ ಸಾಕ್ತಿದ್ದಾಗ ಕೋಳಿ ಬೆಳಗ್ಗೆ ಬಿಟ್ರೆ ಸಂಜೆ ಬರ್ತಿತ್ತು. ಬಿಸಿಲೇರಿದ್ರೆ ಬಂಡಿ ಕೆಳಗೆ, ಬಣವೆ ಪಕ್ಕ, ಬಚ್ಚಲ ನೀರು ಹರಿಯೋ ಹಸಿ ಮಣ್ಣಲ್ಲಿ ಹೊಟ್ಟೆ ಊರಿ ಕೂರ್ತಿತ್ತು. ತನ್ನ ತಂಪು ತಾನೇ ಹುಡುಕ್ಕೊಳ್ತಿತ್ತು. ಈಗ ಬಂಡಿ ಇಲ್ಲ, ಹಿತ್ತಲಿಗೆ ಸಿಮೆಂಟ್ ಬಂತು, ಎಲೆ ಉದುರಿ ಗಲೀಜು ಅಂತ ಬೇವಿನ ಗಿಡ ಕಡಿದಾಯ್ತು. ಕೋಳಿ ತಗಡಿನ ಡಬ್ಬಿಯೊಳಗೆ. ಎಲ್ಲಾ ಕಿತ್ಕೊಂಡು "ಜವಾರಿ ತಡ್ಕೊಳ್ತಾವ" ಅಂದ್ರೆ ಹೆಂಗೆ? ನಿಮ್ಮನ್ನ ಮಧ್ಯಾಹ್ನ ಎರಡಕ್ಕೆ ಬಾಗಿಲು ಹಾಕಿದ ತಗಡಿನ ಶೆಡ್ಡಲ್ಲಿ ಕೂರಿಸ್ತೀನಿ. ನೀವೂ ಜವಾರಿನೇ ಅಲ್ವಾ.

ಗಿರಿರಾಜ ತಂದು ಸಾಕೋರಿಗೆ ಇನ್ನೊಂದು ಮಾತು. ಅದು ಬೆಂಗಳೂರಲ್ಲಿ ಅಭಿವೃದ್ಧಿ ಮಾಡಿದ ತಳಿ. ಒಳ್ಳೇ ಕೋಳಿ, ಬೇಗ ತೂಕ ಬರುತ್ತೆ. ಆದ್ರೆ ಮೈ ದೊಡ್ಡದಾದಷ್ಟೂ ಒಳಗಿನ ಬಿಸಿ ಹೊರಗೆ ಹೋಗೋದು ಕಷ್ಟ, ಸಣ್ಣ ಜವಾರಿಗಿಂತ ಮೊದಲು ಅದೇ ಸುಸ್ತಾಗುತ್ತೆ. ಬೋಳು ಕುತ್ತಿಗೆ ಕೋಳಿ ನೋಡಿ "ಥೂ, ರಣಹದ್ದು" ಅಂತ ನಗ್ತೀರಲ್ಲ, ಬೇಸಿಗೆಯಲ್ಲಿ ಅದೇ ಜಾಣ. ಪುಕ್ಕ ಕಡಿಮೆ, ಬಿಸಿ ಸಲೀಸಾಗಿ ಹೋಗುತ್ತೆ.

"ಹೆಂಗಿದ್ರೂ ಕೊಯ್ಯೋದೇ ಅಲ್ವಾ?" ಈ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತೆ. ಕೊಯ್ಯೋದು ಕ್ಷಣದ ಕೆಲಸ. ತಗಡಿನ ಕೆಳಗೆ ಸಾಯೋಕೆ ಇಡೀ ಮಧ್ಯಾಹ್ನ ಬೇಕು. ದುಡ್ಡಿನ ಲೆಕ್ಕದಲ್ಲೇ ಮಾತಾಡೋಣ ಅಂದ್ರೂ ಸರಿ: ಬಿಸಿಲಿಗೆ ಬಿದ್ದ ಕೋಳಿ ಸಾರಿಗೂ ಬರಲ್ಲ, ಸಂತೆಗೂ ಹೋಗಲ್ಲ. ಗುಂಡಿಗೆ ಹೋಗುತ್ತೆ. ನನ್ನ ಆರು ಹಂಗೇ ಹೋದವು.

"ಕೋಳಿಗೆ ಕೂಲರ್ ಇಡೋಷ್ಟು ನಾವು ಸಾಹುಕಾರರಲ್ಲ." ಕೂಲರ್ ಯಾರು ಕೇಳಿದ್ರು? ಮುಂದೆ ಓದಿ.

5/6

ನೆರಳು ಮೊದಲು, ಉಳಿದದ್ದೆಲ್ಲ ಆಮೇಲೆ. ಈಗಾಗಲೇ ತಗಡು ಹಾಕಿದ್ರೆ ಕಿತ್ತು ಹಾಕಬೇಕಿಲ್ಲ. ಅದರ ಮೇಲೆ ಕಣಿಕೆ, ತೊಗರಿ ಕಟ್ಟಿಗೆ, ತೆಂಗಿನ ಗರಿ, ನಿಮ್ಮ ಕಡೆ ಏನು ಸಿಗುತ್ತೋ ಅದನ್ನ ದಪ್ಪಗೆ ಹೊದಿಸಿ, ಗಾಳಿಗೆ ಹಾರದ ಹಂಗೆ ಕಟ್ಟಿ. ಅದೂ ಆಗಲ್ಲ ಅಂದ್ರೆ ಮೇಲೆ ಬಿಳಿ ಸುಣ್ಣ ಬಳೀರಿ, ಬಿಸಿಲು ಒಂದಿಷ್ಟು ವಾಪಸ್ ಹೋಗುತ್ತೆ. ಕೆಲಸ ಆಗಿದ್ಯಾ ಅಂತ ನೋಡೋಕೆ ಥರ್ಮಾಮೀಟರ್ ಬೇಡ. ಮಧ್ಯಾಹ್ನ ಎರಡಕ್ಕೆ ಒಳಗಿಂದ ಚಾವಣಿಗೆ ಅಂಗೈ ಇಡಿ. ಇಡೋಕೆ ಆಗಲಿಲ್ಲ ಅಂದ್ರೆ ಆ ಬಿಸಿ ನೇರ ಕೋಳಿ ಬೆನ್ನಿಗೆ ಇಳೀತಿದೆ ಅಂತ ಅರ್ಥ.

ನೀರು. ಮಾಮೂಲಿ ದಿನಗಳಲ್ಲಿ ಕೋಳಿ ತಿಂದ ಕಾಳಿನ ತೂಕದ ಸುಮಾರು ಎರಡು ಪಟ್ಟು ನೀರು ಕುಡಿಯುತ್ತೆ. ಬೇಸಿಗೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ಆದ್ರೆ ನೀರು ಬಿಸಿಯಾದ್ರೆ ಕುಡಿಯೋದನ್ನೇ ಕಡಿಮೆ ಮಾಡುತ್ತೆ. ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರನ್ನ ಮಧ್ಯಾಹ್ನ ನಲ್ಲಿ ತಿರುಗಿಸಿ ಹಾಗೇ ಹಿಡಿದು ಇಡಬೇಡಿ, ಅದರಲ್ಲಿ ಚಹಾ ಸೊಪ್ಪು ಹಾಕೋದೊಂದೇ ಬಾಕಿ. ಒಡೆದ ಗಡಿಗೆಯ ತಳ ಇದ್ರೆ ಎಸೀಬೇಡಿ. ನೆರಳಲ್ಲಿ ಅರ್ಧ ಮಣ್ಣಿಗೆ ಹೂತಿಟ್ಟು ನೀರು ತುಂಬಿಸಿ, ಪ್ಲಾಸ್ಟಿಕ್ ಡಬ್ಬಿಗಿಂತ ತಂಪಿರುತ್ತೆ. ಒಂದೇ ಕಡೆ ಇಡಬೇಡಿ, ಹುಂಜ ನಿಂತ್ಕೊಂಡು ಬೇರೆಯವನ್ನ ಬಿಡಲ್ಲ. ಎರಡು ಮೂರು ಕಡೆ ಇಡಿ.

ಕಾಳು ಬೆಳಗಿನ ತಂಪಲ್ಲಿ ಹಾಕಿ, ಆಮೇಲೆ ಸಂಜೆ ಬಿಸಿಲು ಇಳಿದ ಮೇಲೆ ಹಾಕಿ. ತಿಂದದ್ದು ಅರಗುವಾಗ ಮೈಯೊಳಗೆ ಬಿಸಿ ಹುಟ್ಟುತ್ತೆ, ಅದು ಮಧ್ಯಾಹ್ನದ ಬಿಸಿಲಿಗೆ ಜೊತೆಯಾಗಬಾರದು. "ಪಾಪ, ಹಸಿದಿದಾವೆ" ಅಂತ ಒಂದು ಗಂಟೆಗೆ ಜೋಳ ಎರಚೋ ಅಜ್ಜಿಯರಿಗೆ ಇದನ್ನ ಮೆತ್ತಗೆ ಹೇಳಿ.

ಗೂಡಿನ ಜಾಳಿಗೆಗೆ ಒದ್ದೆ ಗೋಣಿಚೀಲ ಇಳಿಬಿಡೋದು ನಮ್ಮ ಕಡೆ ಚೆನ್ನಾಗಿ ಕೆಲಸ ಮಾಡುತ್ತೆ. ರಾಯಚೂರು, ಕಲಬುರಗಿ, ಬಳ್ಳಾರಿ ಗಾಳಿ ಒಣ, ನೀರು ಬೇಗ ಆರುತ್ತೆ, ಆರುವಾಗ ತಂಪಾಗುತ್ತೆ. ಗಾಳಿ ಆಡೋಕೆ ಸಂದು ಮಾತ್ರ ಬಿಡಿ. ಮಂಗಳೂರು, ಉಡುಪಿ, ಕಾರವಾರದವರು ಇದನ್ನ ಕಾಪಿ ಮಾಡಬೇಡಿ. ನಿಮ್ಮ ಗಾಳಿಯಲ್ಲಿ ಆಗಲೇ ತೇವ ತುಂಬಿದೆ, ಒಳಗೆ ಇನ್ನಷ್ಟು ನೀರು ಸಿಂಪಡಿಸಿದ್ರೆ ತೇಕಿದ್ರೂ ಕೋಳಿಗೆ ತಂಪಾಗಲ್ಲ. ನಿಮಗೆ ಬೇಕಿರೋದು ನಾಲ್ಕೂ ಕಡೆ ಗಾಳಿ. ಗೋಡೆ ತೆಗೆದು ಬಲೆ ಹಾಕಿ.

ಕೋಳಿ ಬಿದ್ದೇ ಬಿಟ್ರೆ ಗಾಬರಿಯಲ್ಲಿ ಐಸ್ ನೀರಲ್ಲಿ ಮುಳುಗಿಸಬೇಡಿ. ನೆರಳಿಗೆ ತಂದು ಕಾಲು, ಜುಟ್ಟು ಮಾಮೂಲಿ ನೀರಲ್ಲಿ ಒದ್ದೆ ಮಾಡಿ, ಗಾಳಿ ಬೀಸಿ, ಮುಂದೆ ನೀರಿಡಿ. ಕೊಕ್ಕು ಬಿಡಿಸಿ ಸುರೀಬೇಡಿ, ಶ್ವಾಸನಾಳಕ್ಕೆ ಹೋದ್ರೆ ನೀವೇ ಕೊಂದ ಹಂಗೆ.

6/6

ಕೊನೆಯ ಫೋಟೋ ನಮ್ಮೂರ ಸಂತೆಯದು. ಬೈಕ್ ಹ್ಯಾಂಡಲಿಗೆ ಕಾಲು ಕಟ್ಟಿ ತಲೆಕೆಳಗಾಗಿ ಎಂಟು ಕೋಳಿ, ಹೊತ್ತು ಮಧ್ಯಾಹ್ನ. ಮುಖ ಕಾಣದ ಹಂಗೆ ತೆಗೆದಿದೀನಿ, ಯಾರು ಅಂತ ಕೇಳಬೇಡಿ, ನಮ್ಮ ಮನೆಯವರೂ ಹಂಗೇ ಒಯ್ದಿದ್ದಾರೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರದ್ದು. ನೋವಾಗೋ ಥರ ಸಾಗಿಸೋದು, ಸಾಕಿದ ಪ್ರಾಣಿಗೆ ಸಾಕಷ್ಟು ನೀರು, ಆಹಾರ, ನೆರಳು ಕೊಡದಿರೋದು, ಎರಡೂ ಅದರಲ್ಲಿ ಅಪರಾಧ. ಹಂಗಂತ ಸಂತೆಗೆ ಹೋಗಿ ಪಾಪದ ಹೆಂಗಸರ ಮುಂದೆ ಕಾಯ್ದೆ ಓದಿ ವಿಡಿಯೋ ಮಾಡೋ ಹೀರೋ ಆಗಬೇಡಿ. ಮನೆಯಿಂದ ಬೆಳಗ್ಗೆ ಆರಕ್ಕೆ ಬುಟ್ಟಿಯಲ್ಲಿ ಒಯ್ಯೋದಕ್ಕೆ ಜೊತೆ ಹೋಗಿ. ಬೈಕ್ ನಿಮ್ಮ ಹತ್ರಾನೇ ಇರುತ್ತಲ್ಲ.

ಈ ವರ್ಷ ನಮ್ಮ ಗೂಡು ವಾಪಸ್ ಬೇವಿನ ಗಿಡದ ಕೆಳಗೆ ಹೋಗಿದೆ. ತಗಡಿನ ಮೇಲೆ ಕಣಿಕೆ ಹೊದಿಸಿದೀವಿ, ನೋಡೋಕೆ ಹಳೇ ಗುಡಿಸಲೇ. ಉಳಿದ ಐದರಲ್ಲಿ ಎರಡು ಕಾವಿಗೆ ಕೂತು ಮರಿ ಮಾಡಿದವು, ಈಗ ಒಟ್ಟು ಹದಿನಾಲ್ಕು. ಫೋನಿನಲ್ಲಿ 11ಕ್ಕೆ, 1ಕ್ಕೆ, 3ಕ್ಕೆ ಅಲಾರಂ ಇಟ್ಟಿದೀನಿ. ಕಾಲೇಜಿನಲ್ಲಿದ್ದ ದಿನ ಅದು ಬಡಿದ್ರೆ ಮನೆಗೆ ಫೋನ್ ಮಾಡ್ತೀನಿ. ಅವ್ವ ಎತ್ತಿದ ತಕ್ಷಣ ಹಲೋ ಅನ್ನಲ್ಲ, "ಹಾಕೀನಿ, ಇಡು" ಅಂತಾಳೆ.

ನಿಮ್ಮ ಗೂಡಿನ ಫೋಟೋ ಕಳಿಸಿ. ಮಧ್ಯಾಹ್ನ ಎರಡು ಗಂಟೆಯದೇ ಆಗಬೇಕು, ಬೆಳಗಿಂದು ಬೇಡ.

#ಜವಾರಿಕೋಳಿ #ರಾಯಚೂರುಬಿಸಿಲು #ಹಿತ್ತಲಿಗೂನೀರಿಡಿ