ಛಂದಸ್ಸಿನ ತರಗತಿಗೆ ಗಣಕಯಂತ್ರ

ಪದ್ಯವೊಂದನ್ನು ಬೆರಳಚ್ಚು ಮಾಡಿ ಗಣಕಯಂತ್ರಕ್ಕೆ ಒಪ್ಪಿಸಿದರೆ, ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲಘು-ಗುರುಗಳನ್ನು ಗುರುತಿಸಿ, ಗಣಗಳನ್ನು ವಿಂಗಡಿಸಿ, ಛಂದಸ್ಸಿನ ಹೆಸರನ್ನೂ ಹೇಳಿಬಿಡುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ದೀರ್ಘಾಕ್ಷರ, ಅನುಸ್ವಾರ ವಿಸರ್ಗಗಳಿಂದ ಕೂಡಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಮೊದಲಾದವು ಗುರು, ಎರಡು ಮಾತ್ರೆ. ಉಳಿದವು ಲಘು, ಒಂದು ಮಾತ್ರೆ. ನಮ್ಮ ಲಿಪಿಯಲ್ಲಿ ಇವೆಲ್ಲವೂ ಬರಹದಲ್ಲಿಯೇ ಕಾಣುವುದರಿಂದ ಯಂತ್ರಕ್ಕೆ ಇದು ಬರಿಯ ಕೂಡುವ ಲೆಕ್ಕ. ಭಾಮಿನೀ ಷಟ್ಪದಿಯ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯವಕ್ಕೆ 23, ಒಟ್ಟು 102. ಎಣಿಸಿ ತಾಳೆನೋಡಿದರಾಯಿತು.

ಹಾಗಾದರೆ ಬಿ.ಎ. ತರಗತಿಯ ವಿದ್ಯಾರ್ಥಿಯು ಪ್ರಸ್ತಾರ ಹಾಕುವುದನ್ನು ಏಕೆ ಕಲಿಯಬೇಕು? ಈ ಪ್ರಶ್ನೆಯನ್ನು ಕನ್ನಡ ಅಧ್ಯಾಪಕರಾದ ನಮ್ಮ ಮಿತ್ರರು ಭೌತವಿಜ್ಞಾನದವರಾದ ನಮ್ಮ ಮುಂದಿಟ್ಟರು. ಅವರ ವಿದ್ಯಾರ್ಥಿಗಳು ಪ್ರಸ್ತಾರವನ್ನು ಯಂತ್ರದಿಂದ ಪಡೆದು ತಂದೊಪ್ಪಿಸುತ್ತಿದ್ದರಂತೆ. ಉತ್ತರವೆಲ್ಲ ಸರಿ; ಪದ್ಯವನ್ನು ಓದಹೇಳಿದರೆ ಮಾತ್ರ ಒಬ್ಬರಿಗೂ ಅದರ ನಡೆ ಸಿಕ್ಕದು.

ನಾವು ಬೇರೊಂದು ಉಪಕರಣವನ್ನು ತೋರಿಸಿದೆವು. ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾನಿಲಯದ ಪಾಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಎಂಬವರು ರಚಿಸಿರುವ ‘ಪ್ರಾಟ್’ ಎಂಬ ಕ್ರಮವಿಧಿ ಉಚಿತವಾಗಿ ದೊರೆಯುತ್ತದೆ. ಅದು ಧ್ವನಿಯನ್ನು ತರಂಗಚಿತ್ರವಾಗಿ ತೆರೆಯ ಮೇಲೆ ಮೂಡಿಸುತ್ತದೆ. ಯಾವ ಭಾಗಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅಳೆಯಬಹುದು. ‘ಕಾಲು’, ‘ಕತ್ತಿ’ ಎಂಬ ಎರಡು ಮಾತುಗಳನ್ನು ಒಬ್ಬ ವಿದ್ಯಾರ್ಥಿನಿಯಿಂದ ಹೇಳಿಸಿದೆವು. ‘ಕಾ’ ಎಂಬ ಗುರುವಿನಲ್ಲಿ ಸ್ವರದ ತರಂಗಗಳು ಉದ್ದಕ್ಕೂ ತುಂಬಿದ್ದುವು. ‘ಕತ್ತಿ’ಯ ಮೊದಲಕ್ಷರವೂ ಗುರುವೇ, ಆದರೆ ಅದರ ಸ್ವರ ಗಿಡ್ಡ. ಅದು ಮುಗಿದೊಡನೆ ಗೆರೆ ಬಹುಮಟ್ಟಿಗೆ ಚಪ್ಪಟೆ! ನಾಲಗೆ ಹಲ್ಲಿಗೆ ಒತ್ತಿ ಗಾಳಿಯನ್ನು ತಡೆದುನಿಂತ ಹೊತ್ತು ಅದು. ಗುರುವಿನ ಎರಡನೆಯ ಮಾತ್ರೆಯನ್ನು ತುಂಬಿದ್ದು ಮೌನ. ಒತ್ತಕ್ಷರದ ಹಿಂದಿನದು ಗುರುವೆಂದು ಗಿಳಿಪಾಠ ಒಪ್ಪಿಸುತ್ತಿದ್ದವರು ಆ ನಿಯಮ ಏಕಿದೆಯೆಂಬುದನ್ನು ಅಂದು ಕಂಡರು. (ನಾವೂ ಅಂದೇ ಕಂಡೆವೆಂದು ಒಪ್ಪಿಕೊಳ್ಳಬೇಕು.) ಅಳತೆಗಳು ಸರಿಯಾಗಿ ಒಂದಕ್ಕೆರಡು ಬಾರದೆ ಹೋದದ್ದೂ ಒಳ್ಳೆಯದೇ ಆಯಿತು. ಮಾತ್ರೆಯೆಂಬುದು ಓದುವವನ ನಡೆಗೆ ಹೊಂದಿದ ಅಳತೆ. ಗಡಿಯಾರಕ್ಕೆ ಅದು ಕಟ್ಟುಬಿದ್ದಿಲ್ಲ.

ಆದುದರಿಂದ, ಎಣಿಸಿಕೊಡುವ ಯಂತ್ರವು ಮೊದಲ ವರ್ಷದ ತರಗತಿಯಿಂದ ಹೊರಗಿರಲಿ, ಕೇಳಿದ್ದನ್ನು ಕಾಣಿಸುವ ಯಂತ್ರವು ಒಳಕ್ಕೆ ಬರಲಿ ಎಂಬುದು ನಮ್ಮ ಅಭಿಪ್ರಾಯ. ಸಾವಿರಾರು ಪದ್ಯಗಳನ್ನು ಜಾಲಿಸಬೇಕಾದ ಸಂಶೋಧಕನಿಗೆ ಮೊದಲನೆಯದು ಬಲಗೈಯೇ ಸರಿ. ಆದರೆ ಹಳಗನ್ನಡದಲ್ಲಿ ಅದು ಎಡವುವುದೂ ಉಂಟು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿರುವ ಶಿಥಿಲದ್ವಿತ್ವದಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಬರಹದಲ್ಲಿ ಅದಕ್ಕೆ ಬೇರೆ ಗುರುತಿಲ್ಲ. ಅಕ್ಷರಗಳನ್ನಷ್ಟೇ ನೋಡುವ ಯಂತ್ರ ಅಲ್ಲಿ ಒಂದು ಮಾತ್ರೆಯನ್ನು ಹೆಚ್ಚಾಗಿ ಎಣಿಸಿ, ತಪ್ಪನ್ನು ಕವಿಯ ಮೇಲೆಯೇ ಹೊರಿಸುತ್ತದೆ!

ಈಗ ನಮ್ಮ ಮಿತ್ರರು ವಾರಕ್ಕೊಮ್ಮೆ ತಮ್ಮ ವಿದ್ಯಾರ್ಥಿಗಳನ್ನು ಪ್ರಯೋಗಶಾಲೆಗೆ ಕರೆತರುತ್ತಾರೆ. ಮೊದಲು ಪದ್ಯವನ್ನು ಗಟ್ಟಿಯಾಗಿ ಓದಬೇಕು, ಕೈಯಿಂದ ಪ್ರಸ್ತಾರ ಹಾಕಬೇಕು. ಆಮೇಲಷ್ಟೆ ತೆರೆ ಬೆಳಗುವುದು.