ಕಡೂರು ಎಂದು ಹುಡುಕದವರಿಗೆ ಚಿಕ್ಕಮಗಳೂರು ಸಿಗದು

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರು ಕಡೂರು ಜಿಲ್ಲೆ. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟದ ಮೇಲಿರುವುದು ಆ ಹೆಸರೇ. ಮೈಸೂರು ಸಂಸ್ಥಾನದ ಆಡಳಿತ ವರದಿಗಳಲ್ಲಿ, ಗೆಜೆಟಿಯರುಗಳಲ್ಲಿ, ಜನಗಣತಿಯಲ್ಲಿ ಈ ಮಲೆಗಳ ವಿವರ ಸಿಗುವುದೂ ಆ ಹೆಸರಿನಡಿಯಲ್ಲೇ. 1973ರ ನವೆಂಬರ್‌ವರೆಗೆ ರಾಜ್ಯದ ಹೆಸರೂ ಮೈಸೂರು. ಇಂಗ್ಲಿಷಿನಲ್ಲಿ ಊರಿನ ಕಾಗುಣಿತ ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೆ ಮೊದಲು ಅಚ್ಚಾದ ಇಂಗ್ಲಿಷ್ ಬರಹಗಳಲ್ಲಿ 'ಕ್ಕ' ಎಂಬ ಒತ್ತೂ ಇಲ್ಲ, ಕೊನೆಯ ಉಕಾರವೂ ಇಲ್ಲ. ಕಳಸ ತಾಲ್ಲೂಕಾದದ್ದು ತೀರಾ ಈಚೆಗೆ. ಅಲ್ಲಿಯವರೆಗಿನ ಅದರ ಅಂಕಿಅಂಶ ಮೂಡಿಗೆರೆ ತಾಲ್ಲೂಕಿನ ಲೆಕ್ಕದೊಳಗೆ ಸೇರಿಹೋಗಿದೆ. ಈಗ ರಾಜ್ಯಶಾಸ್ತ್ರದ ಒಬ್ಬ ವಿದ್ಯಾರ್ಥಿನಿ ತನ್ನ ಜಿಲ್ಲೆಯ ರಾಜಕೀಯದ ಮೇಲೆ ಕಿರುಪ್ರಬಂಧ ಬರೆಯಲು ಕುಳಿತು, ಮೊಬೈಲಿನಲ್ಲಿ ಊರಿನ ಇಂದಿನ ಹೆಸರನ್ನಷ್ಟೇ ಒತ್ತಿದರೆ, ನೂರು ವರ್ಷಕ್ಕೂ ಹೆಚ್ಚಿನ ಬರಹ ಅವಳ ಕಣ್ಣಿಗೆ ಬೀಳುವುದೇ ಇಲ್ಲ. 'ಈ ವಿಷಯದ ಮೇಲೆ ಯಾವ ಅಧ್ಯಯನವೂ ನಡೆದಿಲ್ಲ' ಎಂದು ಆಕೆ ಬರೆಯುತ್ತಾಳೆ. ಮಾರ್ಗದರ್ಶಕರು ಸಹಿ ಹಾಕುತ್ತಾರೆ.

ತಪ್ಪು ಆಕೆಯದಲ್ಲ. ಪೂರ್ವಾಧ್ಯಯನಗಳ ಸಮೀಕ್ಷೆ ಎಂಬ ಅಧ್ಯಾಯ ಪ್ರತಿ ಪ್ರಬಂಧದಲ್ಲೂ ಇರಬೇಕೆಂದು ನಾವು ಕೇಳುತ್ತೇವೆ. ಆದರೆ ಆ ಅಧ್ಯಯನಗಳನ್ನು ಹುಡುಕುವುದು ಹೇಗೆಂದು ಕಲಿಸುವುದಿಲ್ಲ. ಆಕರ ಹುಡುಕುವುದು ಗುಮಾಸ್ತೆಯ ಕೆಲಸ, ನಿಜವಾದ ಸಂಶೋಧನೆ ಅದರ ನಂತರದ್ದು ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಬೇರುಬಿಟ್ಟಿದೆ. ಹುಡುಕಾಟವೇ ಸಂಶೋಧನೆಯ ಮೊದಲ ಪಾಠ, ಮತ್ತು ಕಾಫಿನಾಡಿನಂಥ ಪ್ರದೇಶದಲ್ಲಿ ಅದು ಸಾರ್ವಜನಿಕ ಹಿತದ ವಿಷಯ ಎಂಬುದು ನನ್ನ ವಾದ. ತನ್ನ ಬಗ್ಗೆ ಯಾರು ಏನು ಬರೆದಿದ್ದಾರೆಂದು ತಿಳಿಯದ ಊರು ಪ್ರತಿ ಚರ್ಚೆಯನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಹಾಗೆ ಶುರುವಾದ ಚರ್ಚೆಯಲ್ಲಿ ಗಟ್ಟಿ ದನಿಯವರೇ ಗೆಲ್ಲುತ್ತಾರೆ.

ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ. 2022ರ ಡಿಸೆಂಬರಿನಲ್ಲಿ ರಾಜ್ಯ ವಿಧಾನಮಂಡಲ ಭೂ ಕಂದಾಯ ಕಾಯ್ದೆಗೆ ತಿದ್ದುಪಡಿ ಒಪ್ಪಿ, ತೋಟದ ಬೆಳೆಗಾಗಿ ಒತ್ತುವರಿಯಾದ ಸರ್ಕಾರಿ ಭೂಮಿಯನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡಲು ದಾರಿ ಮಾಡಿತು. ಮೂಡಿಗೆರೆ, ಕಳಸ ಭಾಗದಲ್ಲಿ ಒಂದು ಕಡೆ ಬೆಳೆಗಾರರು, ಇನ್ನೊಂದು ಕಡೆ ತೋಟದ ಲೈನ್ ಮನೆಗಳಲ್ಲಿ ಬದುಕುತ್ತ ನಿವೇಶನ ಕೇಳುವ ಕಾರ್ಮಿಕರು ಇರುವುದರಿಂದ ಇದು ಇಲ್ಲಿನ ನಿತ್ಯದ ರಾಜಕೀಯ. ಆದರೆ ಇದರ ಬೇರು 2022ರಲ್ಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ಗೇಣಿ ಗದ್ದೆಗಳ ಒಡೆತನವನ್ನು ಅಲುಗಿಸಿತು. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಗಳನ್ನು ಮಾತ್ರ ಅದೇ ಭೂಸುಧಾರಣಾ ಕಾಯ್ದೆಯ 104ನೇ ಕಲಂ ಭೂಮಿತಿಯಿಂದ ಹೊರಗಿಟ್ಟಿತು. ಸುಧಾರಣೆ ತೋಟದ ಬೇಲಿಯ ಬಳಿ ಏಕೆ ನಿಂತಿತು ಎಂದು ಕೇಳಿದರೆ ವಿದ್ವಾಂಸರ ಒಂದು ಜಗಳವೇ ತೆರೆದುಕೊಳ್ಳುತ್ತದೆ. ಜೇಮ್ಸ್ ಮೇನರ್ 1980ರಲ್ಲಿ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಅರಸರನ್ನು ವ್ಯವಹಾರ ಬಲ್ಲ ಪ್ರಗತಿಪರ ಎಂದು ಓದಿದರು. ನರೇಂದರ್ ಪಾಣಿ 1983ರ ಪುಸ್ತಕದಲ್ಲಿ ಇಂಥ ಸುಧಾರಣೆಗಳನ್ನು ದೊಡ್ಡ ಬದಲಾವಣೆಯನ್ನು ಮೊದಲೇ ತಡೆಯುವ ಉಪಾಯವಾಗಿ ಕಂಡರು. ಅತುಲ್ ಕೊಹ್ಲಿ 1987ರಲ್ಲಿ ಕರ್ನಾಟಕವನ್ನು ಪಶ್ಚಿಮ ಬಂಗಾಳ, ಉತ್ತರ ಪ್ರದೇಶಗಳ ಜೊತೆಗಿಟ್ಟು ತೂಗಿದರು. ಈ ಮೂವರ ಕೃತಿಗಳ ಹೆಸರನ್ನು ಸಾಲಾಗಿ ಬರೆದರೆ ಅದು ಪಟ್ಟಿ. ಅವರು ಎಲ್ಲಿ ಒಪ್ಪುತ್ತಾರೆ, ಎಲ್ಲಿ ಕಾದಾಡುತ್ತಾರೆ, ಕಾಫಿ ತೋಟದ ಬಗ್ಗೆ ಎಷ್ಟು ಹೇಳಿ ಎಲ್ಲಿ ಸುಮ್ಮನಾಗುತ್ತಾರೆ ಎಂದು ತೋರಿಸಿದರೆ ಅದು ಸಮೀಕ್ಷೆ. ಅವರು ಸುಮ್ಮನಾದ ಜಾಗವೇ ಮೂಡಿಗೆರೆಯ ವಿದ್ಯಾರ್ಥಿನಿ ಮಾತು ಆರಂಭಿಸಬಹುದಾದ ಜಾಗ.

ಇನ್ನೊಂದು ಉದಾಹರಣೆ ಮೂಡಿಗೆರೆ ವಿಧಾನಸಭಾ ಕ್ಷೇತ್ರದ್ದೇ. ತೋಟ ಮಾಲೀಕರ ಪ್ರಭಾವ ಎದ್ದು ಕಾಣುವ ಈ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಆಸ್ತಿ ಒಬ್ಬರ ಕೈಯಲ್ಲಿ, ಶಾಸಕ ಸ್ಥಾನ ಇನ್ನೊಬ್ಬರಿಗೆ ಮೀಸಲಾದಾಗ ಪ್ರಾತಿನಿಧ್ಯ ಎಂಬುದಕ್ಕೆ ಏನರ್ಥ? ರಾಜ್ಯಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಗಳು ಹೆಚ್ಚಿಲ್ಲ. 'ಮೂಡಿಗೆರೆ' ಎಂದು ಹುಡುಕಿದರೆ ಇದರ ಉತ್ತರ ಸಿಗುವುದು ಕಷ್ಟ. 'ಮೀಸಲು ಕ್ಷೇತ್ರ' ಎಂದು ಹುಡುಕಿದರೆ ಒಂದು ಕಪಾಟೇ ಸಿಗುತ್ತದೆ. ಮಾರ್ಕ್ ಗ್ಯಾಲಂಟರ್ ಅವರ 1984ರ ಬೃಹತ್ ಗ್ರಂಥ ಮೀಸಲಾತಿಯ ಕಾನೂನು ನೆಲೆಯನ್ನು ತಿಳಿಸುತ್ತದೆ. ಫ್ರಾನ್ಸೆಸ್ಕಾ ಜೆನ್ಸೇನಿಯಸ್ 2017ರ ಪುಸ್ತಕದಲ್ಲಿ ಮೀಸಲು ಮತ್ತು ಸಾಮಾನ್ಯ ವಿಧಾನಸಭಾ ಕ್ಷೇತ್ರಗಳನ್ನು ಜೊತೆಗಿಟ್ಟು ಹೋಲಿಸಿದ್ದಾರೆ. ಪ್ರಬಲ ಜಾತಿ ಎಂಬ ಪರಿಕಲ್ಪನೆಯನ್ನು ಜಗತ್ತಿಗೆ ಕೊಟ್ಟ ಎಂ.ಎನ್. ಶ್ರೀನಿವಾಸರು ಅದನ್ನು ಕಂಡದ್ದು ಮೈಸೂರು ಸೀಮೆಯ ಹಳ್ಳಿಯಲ್ಲೇ. ಊರಿನ ಹೆಸರಿನಿಂದ ಪರಿಕಲ್ಪನೆಗೆ ಏರುವುದು, ಪರಿಕಲ್ಪನೆಯಿಂದ ಮತ್ತೆ ಊರಿಗೆ ಇಳಿಯುವುದು: ಹುಡುಕಾಟದ ಅರ್ಧ ವಿದ್ಯೆ ಇಷ್ಟೇ. ಉಳಿದರ್ಧ ಪದಗಳನ್ನು ತಿಳಿದಿರುವುದು. ನಾವು ಒತ್ತುವರಿ ಎನ್ನುತ್ತೇವೆ. ಕಂದಾಯ ಇಲಾಖೆ ಬಗರ್ ಹುಕುಂ ಎನ್ನುತ್ತದೆ, ಅದೇ ಕೆಲವು ಲೇಖನಗಳಲ್ಲಿ ಬಗೈರ್ ಹುಕುಂ ಆಗುತ್ತದೆ. ಅರ್ಜಿದಾರರ ಬಾಯಲ್ಲಿ ಅದು ಫಾರಂ 50, 53, 57. ಒಂದೇ ವಿಷಯಕ್ಕೆ ಇಷ್ಟು ಬಾಗಿಲುಗಳಿವೆ ಎಂದು ಹೇಳಿಕೊಡುವವರು ಬೇಕು.

ಎಲ್ಲವೂ ಫೋನಿನಲ್ಲೇ ಇರುವಾಗ ಇದನ್ನು ಕಲಿಸುವುದೇನಿದೆ ಎಂಬುದು ಮೊದಲ ಆಕ್ಷೇಪ. ಸೌಲಭ್ಯ ಬೆಳೆದಿರುವುದು ನಿಜ, ಸಂತೋಷದ ವಿಷಯವೂ ಹೌದು. ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಚಿವ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟು, ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ ಇಟ್ಟಿತು. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದವು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಕಾರ್ಯಪತ್ರಗಳನ್ನು ಯಾರು ಬೇಕಾದರೂ ಓದಬಹುದು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗಿನ ದಾರಿ ತಿಳಿಯುವುದಿಲ್ಲ. ಒಳ್ಳೆಯ ಒಂದು ಲೇಖನ ಸಿಕ್ಕರೆ ಅದರ ಅಡಿಟಿಪ್ಪಣಿ ಹಿಡಿದು ಹಿಂದಕ್ಕೆ ಹೋಗಬೇಕು, ಅದನ್ನು ಆಮೇಲೆ ಯಾರು ಉಲ್ಲೇಖಿಸಿದ್ದಾರೆಂದು ನೋಡಿ ಮುಂದಕ್ಕೆ ಬರಬೇಕು ಎಂಬುದನ್ನು ಯಾವ ಚಂದಾ ಯೋಜನೆಯೂ ಕಲಿಸದು. ಯಂತ್ರವನ್ನೇ ಕೇಳಿದರೆ ಇನ್ನೊಂದು ಅಪಾಯ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ನಿಜವಾದ ಲೇಖಕರ ಹೆಸರಿಗೆ ಇಲ್ಲದ ಲೇಖನವನ್ನು ಅಂಟಿಸಿ, ವರ್ಷ, ಸಂಪುಟ, ಪುಟಗಳ ಸಮೇತ ಕೊಡುವುದುಂಟು. ಸಂಪುಟ ತೆರೆದು ಪುಟ ನೋಡುವ ಅಭ್ಯಾಸವೊಂದೇ ಇದಕ್ಕೆ ಮದ್ದು. ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಹಾವಳಿಯೂ ಇದೆ. ಯುಜಿಸಿ ಮಾನ್ಯ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟ ಮೇಲೆ, ಜೊಳ್ಳು ಕಾಳು ಬೇರ್ಪಡಿಸುವ ಹೊಣೆ ಮತ್ತಷ್ಟು ಅಧ್ಯಾಪಕರ, ವಿದ್ಯಾರ್ಥಿಗಳ ಮೇಲೆಯೇ ಬಿದ್ದಿದೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಈ ಆಕರಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇವುಗಳಿಂದ ಏನು ಪ್ರಯೋಜನ? ಈ ನೋವು ನಿಜ. ಇಂಗ್ಲಿಷ್ ಕಲಿತುಕೊಳ್ಳಿ ಎಂಬ ಒಣ ಉಪದೇಶ ಅದಕ್ಕೆ ಉತ್ತರವಲ್ಲ. ಕನ್ನಡದ್ದು ಮಾತ್ರ ಓದಿ ಎಂಬುದೂ ಉತ್ತರವಲ್ಲ, ಅದು ಅವರನ್ನು ಚಿಕ್ಕ ಕೋಣೆಯಲ್ಲಿ ಕೂಡಿಹಾಕಿದಂತೆ. ಒಂದು ಪುಸ್ತಕದ ಮುನ್ನುಡಿ, ಸಾರಾಂಶ ಮತ್ತು ಕೊನೆಯ ಅಧ್ಯಾಯವನ್ನು ತರಗತಿಯಲ್ಲಿ ಕೂತು ಕನ್ನಡದಲ್ಲಿ ಬಿಡಿಸಿದರೆ ವಾದದ ಎಲುಬು ಕೈಗೆ ಸಿಗುತ್ತದೆ. ಇಡೀ ತರಗತಿ ಹತ್ತು ಪುಸ್ತಕ ಹಂಚಿಕೊಂಡರೆ ಒಂದು ವರ್ಷದಲ್ಲಿ ಒಂದು ಕ್ಷೇತ್ರವೇ ಪರಿಚಯವಾಗುತ್ತದೆ. ಇನ್ನು ಕನ್ನಡದ ಆಕರಗಳನ್ನು ಕೀಳಾಗಿ ಕಾಣುವ ರೋಗವೂ ವಾಸಿಯಾಗಬೇಕು. 1919ರಲ್ಲಿ ಆರಂಭವಾದ 'ಪ್ರಬುದ್ಧ ಕರ್ನಾಟಕ'ದ ಸಂಚಿಕೆಗಳಿವೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದ ಪ್ರಕಟಣೆಗಳಿವೆ. ಈ ಜಿಲ್ಲೆಯನ್ನೂ ತನ್ನ ವ್ಯಾಪ್ತಿಯಲ್ಲಿಟ್ಟುಕೊಂಡ ಕುವೆಂಪು ವಿಶ್ವವಿದ್ಯಾಲಯ 1987ರಿಂದ ನಡೆಯುತ್ತಿದೆ. ಇಂಗ್ಲಿಷಿನ ಹುಡುಕು ಪೆಟ್ಟಿಗೆಗೆ ಇವು ಸುಲಭವಾಗಿ ಸಿಕ್ಕುವುದಿಲ್ಲ. ಅಷ್ಟಕ್ಕೇ ಇವು ಇಲ್ಲವೆಂದಾಗುವುದಿಲ್ಲ. ಕನ್ನಡ ಬಲ್ಲ ವಿದ್ಯಾರ್ಥಿ ಲಂಡನ್ನಿನ ವಿದ್ವಾಂಸನಿಗಿಂತ ಒಂದು ಹೆಜ್ಜೆ ಮುಂದಿರುವುದು ಇಲ್ಲಿಯೇ.

ವಿದ್ವತ್ ಆಕರ ಎಂದರೆ ವಿದ್ವಾಂಸರು ಬರೆದದ್ದು, ವರದಿ, ನಡಾವಳಿಗಳನ್ನೆಲ್ಲ ತಂದು ತುಂಬಿದರೆ ಸಮೀಕ್ಷೆ ಕೆಡುತ್ತದೆ ಎಂದು ಶಿಸ್ತಿನ ಅಧ್ಯಾಪಕರು ಹೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. 1978ರ ನವೆಂಬರಿನಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದ ಚಿಕ್ಕಮಗಳೂರು ಉಪಚುನಾವಣೆಯ ಪತ್ರಿಕಾ ವರದಿ ಸಾಕ್ಷ್ಯವೇ ಹೊರತು ಅಧ್ಯಯನವಲ್ಲ. ತೋಟಗಾರ ಆರ್.ಎಚ್. ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ಕಾಫಿಯ ಜೊತೆಗೆ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಬಗ್ಗೆಯೂ ಬರೆದಿದ್ದಾನೆ. ಅದು ತೋಟದ ಯಜಮಾನನ ಕಣ್ಣು, ಅದನ್ನು ಹಾಗೆಂದೇ ಓದಬೇಕು. ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಲ್ಲಲು ಕಾರಣವಾದ ಸುಪ್ರೀಂ ಕೋರ್ಟಿನ 2002ರ ತೀರ್ಪು ದಾಖಲೆ. ಆ ತೀರ್ಪಿನ ರಾಜಕೀಯವನ್ನು ವಿಶ್ಲೇಷಿಸಿದ ಲೇಖನ ಅಧ್ಯಯನ. ಈ ಗೆರೆಯನ್ನು ಬಿಡಬಾರದು. ಆದರೆ ಎರಡನ್ನೂ ಒಂದೇ ಅಧ್ಯಾಯದಲ್ಲಿ ಬೆರೆಸುವುದು ಎಷ್ಟು ತಪ್ಪೋ, ದಾಖಲೆಗಳನ್ನು ಹುಡುಕುವುದನ್ನೇ ಬಿಡುವುದೂ ಅಷ್ಟೇ ತಪ್ಪು. ಶಾಸನಸಭೆಯ ನಡಾವಳಿ ಓದದವರಿಗೆ 104ನೇ ಕಲಂ ಬಗ್ಗೆ ವಿದ್ವಾಂಸ ಬರೆದದ್ದು ಸರಿಯೋ ಎಂದು ಒರೆಹಚ್ಚಲು ಕಲ್ಲೇ ಇರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ರಾಜ್ಯಶಾಸ್ತ್ರದ ಪಠ್ಯದಲ್ಲಿ ಒಂದು ಸೆಮಿಸ್ಟರಿನ ಕೆಲವು ಗಂಟೆಗಳನ್ನು ಗ್ರಂಥಪಾಲಕರಿಗೆ ಬಿಟ್ಟುಕೊಟ್ಟು, ಹುಡುಕಾಟವನ್ನು ಕೈಯಾರೆ ಮಾಡಿಸಬೇಕು. ಗ್ರಂಥಪಾಲಕರ ಹುದ್ದೆ ಖಾಲಿ ಇಟ್ಟು ಸಂಶೋಧನೆಯ ಮಾತಾಡುವುದು ನಮ್ಮನ್ನೇ ನಾವು ವಂಚಿಸಿಕೊಂಡಂತೆ. ಎರಡನೆಯದಾಗಿ, ಜಿಲ್ಲೆಗೆ ಒಂದು ಗ್ರಂಥಸೂಚಿ ಬೇಕು: ಈ ಮಲೆಗಳ ಭೂಮಿ, ಕೂಲಿ, ಚುನಾವಣೆ, ಅರಣ್ಯ, ಪಂಚಾಯಿತಿಗಳ ಮೇಲೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬಂದ ಅಧ್ಯಯನಗಳು ಒಂದು ಭಾಗದಲ್ಲಿ, ದಾಖಲೆಗಳು ಇನ್ನೊಂದರಲ್ಲಿ, ಪ್ರತಿಯೊಂದೂ ಎಲ್ಲಿ ಸಿಗುತ್ತದೆ ಎಂಬ ಒಂದು ಸಾಲಿನೊಂದಿಗೆ. ಇದಕ್ಕೆ ಕೋಟಿಗಳು ಬೇಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತಲೇ ಇದ್ದೇವೆ. ಜಿಲ್ಲಾ ಕೇಂದ್ರ ಗ್ರಂಥಾಲಯ, ಸರ್ಕಾರಿ ಕಾಲೇಜುಗಳು ಮತ್ತು ಕುವೆಂಪು ವಿಶ್ವವಿದ್ಯಾಲಯ ಕೈಜೋಡಿಸಿದರೆ ಸಾಕು. ಬಾಳೆಹೊನ್ನೂರಿನಲ್ಲಿ 1925ರಲ್ಲೇ ಕಾಫಿ ಗಿಡಕ್ಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಗಿಡದ ಎಲೆರೋಗದ ಬಗ್ಗೆ ಏನೇನು ಬರೆದಿದ್ದಾರೆಂದು ಹುಡುಕಿ ಇಟ್ಟುಕೊಂಡ ನಾಡು, ಆ ಗಿಡದ ಬುಡದಲ್ಲಿ ದುಡಿದವರ ರಾಜಕೀಯದ ಬಗ್ಗೆ ಬರೆದದ್ದನ್ನೂ ಹುಡುಕಿ ಇಟ್ಟುಕೊಳ್ಳಬೇಡವೇ? ಆ ಸೂಚಿಯ ಮೊದಲ ನಮೂದನ್ನು ಇವತ್ತೇ ಬರೆದಿಡಬಹುದು: ಕಡೂರು ಜಿಲ್ಲೆ, ನೋಡಿ ಚಿಕ್ಕಮಗಳೂರು.